ಹೊಸ ಸೇಫ್ಟಿ ಶೂ, ಎರಡೇ ದಿನಕ್ಕೆ ಅಟ್ಟೆ ಪುಡಿಪುಡಿ. ಯಾರಿಗಾದರೂ ಹೀಗಾಗಿದೆಯೇ?

ಕಿಡಿಗೇಡಿ_ಕೋಟ
ತಲೆ ಕೆಟ್ಟುಹೋಗಿದೆ. ಸೋಮವಾರ ಹೊಸ ಸೇಫ್ಟಿ ಶೂ ಹಾಕಿಕೊಂಡೆ. ಪೆಟ್ಟಿಗೆಯಿಂದ ತೆಗೆದಾಗ ಸುತ್ತಿದ ಕಾಗದವೂ ಹಾಗೆಯೇ ಇತ್ತು. ಮಂಗಳವಾರ ಮಧ್ಯಾಹ್ನ ಊಟಕ್ಕೆ ಹೊರಟರೆ ನಾನು ನಡೆದ ದಾರಿಯುದ್ದಕ್ಕೂ ಕಪ್ಪು ಚೂರುಗಳು, ಹಳೆಯ ರಸ್ಕು ಒಡೆದ ಹಾಗೆ. ಸಂಜೆಗೆ ಬಲಗಾಲಿನ ಅಟ್ಟೆ ಹಿಮ್ಮಡಿಯ ಕಡೆಯಿಂದ ಕಳಚಿ ಮೊಸಳೆಯ ಬಾಯಿಯಂತೆ ತೆರೆದುಕೊಂಡಿತು. ಮೇಲಿನ ಚರ್ಮಕ್ಕೆ ಒಂದು ಗೀರೂ ಬಿದ್ದಿಲ್ಲ.

ಇದೇ ಕಂಪನಿಯ ಇದೇ ಮಾದರಿಯ ಹಿಂದಿನ ಜೊತೆ ಎರಡೂವರೆ ವರ್ಷ ಬಾಳಿತ್ತು. ಪೇಟೆಯ ಚಪ್ಪಲಿ ರಿಪೇರಿಯವರು ಸಲ್ಯೂಷನ್ ಹಚ್ಚಿ ಒತ್ತಿಕೊಟ್ಟರು. ಅವರ ಮೆಟ್ಟಿಲು ಇಳಿಯುವಷ್ಟರಲ್ಲಿ ಮತ್ತೆ ಬಾಯಿ ಬಿಟ್ಟಿತು. 1,450 ರೂಪಾಯಿ ನೀರಿಗೆ ಹೋಯಿತು. ಕಾರಣ ಏನು? ಗಟ್ಟಿ ಬರುವ, ಕಾಲು ನೋಯಿಸದ ಶೂ ಯಾವುದು? ಬೇಗ ಹೇಳಿ, ಈಗ ಹವಾಯಿ ಚಪ್ಪಲಿಯಲ್ಲಿ ಕೆಲಸ ಮಾಡುತ್ತಿದ್ದೇನೆ.

ಅಸಲಿ_ನಕಲಿ
ನಕಲಿ ಮಾಲು. ಇದರಲ್ಲಿ ಯೋಚಿಸುವುದಕ್ಕೆ ಏನೂ ಇಲ್ಲ. ಬಿಲ್ಲಿನ ಚಿತ್ರ ಹಾಕಿ.

ತೋಟದ_ಮನೆ
ಯಾವ ಕೆಲಸ ಎಂದು ಬರೆದಿಲ್ಲ, ಆದರೆ ಅಡಿಕೆ ತೋಟಕ್ಕೆ ಸೇಫ್ಟಿ ಶೂ ಹಾಕುವುದೇ ಮೊದಲ ತಪ್ಪು. ನಾನು 20 ವರ್ಷಗಳಿಂದ ಗಮ್‌ಬೂಟ್ ಬಿಟ್ಟು ಬೇರೇನೂ ಹಾಕಿಲ್ಲ. ಬೆಲೆ ಕಡಿಮೆ. ಇಂಬಳ ಹತ್ತುವುದಿಲ್ಲ, ಕೆಸರು ಅಂಟುವುದಿಲ್ಲ, ಕನ್ನಡಿ ಹಾವು ಕಚ್ಚಿದರೂ ಮೊಣಕಾಲಿನವರೆಗೆ ಧೈರ್ಯ. ಸಂಜೆ ಪೈಪಿನಲ್ಲಿ ನೀರು ಬಿಟ್ಟು ತೊಳೆದು ತಲೆಕೆಳಗಾಗಿ ಕೋಲಿಗೆ ಸಿಕ್ಕಿಸಿದರೆ ಆಯಿತು.

ಬ್ಯಾಟರಿ_ನೀರು
ಚೂರು ಚೂರಾಗಿದೆ ಎಂದರೆ ರಾಸಾಯನಿಕ. ಯೂರಿಯಾ, ಬ್ಯಾಟರಿ ಆಸಿಡ್, ಡೀಸೆಲ್, ಹಸಿ ಸಿಮೆಂಟ್, ಇವುಗಳಲ್ಲಿ ಯಾವುದನ್ನು ತುಳಿದಿರಿ? ನಮ್ಮ ಗ್ಯಾರೇಜಿನ ಹುಡುಗನೊಬ್ಬನ ಶೂ ಆಸಿಡ್ ಚೆಲ್ಲಿ ಹಾಳಾಗಿತ್ತು.

ಕಿಡಿಗೇಡಿ_ಕೋಟ
ಯಾವುದನ್ನೂ ತುಳಿದಿಲ್ಲ. ತೋಟವೂ ಇಲ್ಲ. ನನ್ನದು ಬೆಸುಗೆ ಅಂಗಡಿ, ಗೇಟು, ಗ್ರಿಲ್, ಶೀಟು ಮಾಡಿನ ಕೆಲಸ. ಅದು ಎಲ್ಲರಿಗೂ ಗೊತ್ತು ಎಂದುಕೊಂಡಿದ್ದೆ.

ತೋಟದ_ಮನೆ
ಹೆಸರಿನಲ್ಲೇ ಕಿಡಿ ಇತ್ತು, ನಮಗೇ ಹೊಳೆಯಲಿಲ್ಲ. ಆದರೂ ಗಮ್‌ಬೂಟ್ ಒಮ್ಮೆ ಪ್ರಯತ್ನಿಸಿ.

ಪೀಣ್ಯ_ಫಿಟ್ಟರ್
ಬೆಸುಗೆಗೆ ಗಮ್‌ಬೂಟೇ? ಬೂಟಿನ ಅಗಲವಾದ ಬಾಯಿಯೊಳಗೆ ಕೆಂಪಗಿನ ಲೋಹದ ಹನಿ ಬಿದ್ದರೆ, ಅದನ್ನು ಎಳೆದು ತೆಗೆಯುವಷ್ಟರಲ್ಲಿ ಕಾಲು ಬೆಂದಿರುತ್ತದೆ. ದಯವಿಟ್ಟು ಇಂಥ ಸಲಹೆ ಕೊಡಬೇಡಿ. ಬೆಸುಗೆಯವರು ಪ್ಯಾಂಟಿನ ಕಾಲನ್ನು ಶೂ ಮೇಲೆ ಇಳಿಬಿಡಬೇಕು, ಒಳಗೆ ತುರುಕಬಾರದು. ಲೇಸಿನ ಮೇಲೆ ಚರ್ಮದ ಮುಚ್ಚಳ ಇರಬೇಕು.

ಕಿಡಿಗೇಡಿಯವರೇ, ಅಟ್ಟೆ ಯಾವುದು, ಪಿಯು ಎನ್ನುವ ನೊರೆಯಂಥ ಪ್ಲಾಸ್ಟಿಕ್ಕೋ ನೈಟ್ರೈಲ್ ರಬ್ಬರೋ? ಅಟ್ಟೆಯ ತಳದಲ್ಲಿ ಬರೆದಿರುತ್ತದೆ.

ತೋಟದ_ಮನೆ
ಬಾಯಿಯನ್ನು ಹಗ್ಗದಿಂದ ಕಟ್ಟಿಕೊಂಡರೆ ಏನೂ ಬೀಳುವುದಿಲ್ಲ.

ಪೀಣ್ಯ_ಫಿಟ್ಟರ್
ಕರಗುವ ಪಿವಿಸಿ ಪ್ಲಾಸ್ಟಿಕ್ಕಿನ ಬೂಟನ್ನು ಹಗ್ಗದಿಂದ ಕಾಲಿಗೇ ಕಟ್ಟಿಕೊಳ್ಳಬೇಕೇ? ನಮಸ್ಕಾರ.

ದೋಹಾ_ದೊಡ್ಡಣ್ಣ
ನಾನಿರುವಲ್ಲಿ ಕಂಪನಿಯೇ ಶೂ ಕೊಡುತ್ತದೆ, ಆದರೂ ನಾನು ಸ್ವಂತ ದುಡ್ಡಿನಲ್ಲಿ ರೆಡ್ ವಿಂಗ್ ತೆಗೆದುಕೊಂಡೆ. ಅಮೆರಿಕದ ಮಿನ್ನೆಸೋಟದ ಕಂಪನಿ, 1905ರದ್ದು. ಗುಡ್‌ಇಯರ್ ವೆಲ್ಟ್ ಹೊಲಿಗೆ, ಎಂದರೆ ಅಟ್ಟೆ ಸವೆದರೆ ಬಿಚ್ಚಿ ಹೊಸದನ್ನು ಹೊಲಿಸಬಹುದು. ಎರಡು ಬಾರಿ ಹೊಲಿಸಿದ್ದೇನೆ. ಶುಕ್ರವಾರ ಬೆಳಿಗ್ಗೆ ಎಣ್ಣೆ ಹಚ್ಚಿ ಉಜ್ಜುತ್ತೇನೆ. ಕಪಾಟಿನಲ್ಲಿ ಇನ್ನೂ ಎರಡು ಜೊತೆ ಇವೆ, ಚಿತ್ರ ಹಾಕಲೇ?

ಪೀಣ್ಯ_ಫಿಟ್ಟರ್
ಕೋಟದ ಬೆಸುಗೆ ಅಂಗಡಿಯವರು 1,450 ರೂಪಾಯಿ ಹೋಯಿತೆಂದು ಸಂಕಟಪಡುತ್ತಿದ್ದಾರೆ. ನಿಮ್ಮ ಕಪಾಟನ್ನು ಆಮೇಲೆ ನೋಡೋಣ.

ಅಸಲಿ_ನಕಲಿ
ಎಲ್ಲರೂ ಬೇರೆ ಮಾತಾಡುತ್ತಿದ್ದೀರಿ. ಐಎಸ್‌ಐ ಗುರುತು ಇದೆಯೇ? ಸೇಫ್ಟಿ ಶೂಗಳ ಭಾರತೀಯ ಮಾನದಂಡ ಐಎಸ್ 15298 ಎಂದು ಬರೆದಿದೆಯೇ? ಅದರ ಕೆಳಗೆ ಪರವಾನಗಿ ಸಂಖ್ಯೆ ಇರಬೇಕು, ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿ ನೋಡಿ. ನಕಲಿ ಎಂದೇ ಬರುತ್ತದೆ, ಬರೆದಿಟ್ಟುಕೊಳ್ಳಿ.

ಕಿಡಿಗೇಡಿ_ಕೋಟ
ಹಾಕಿ ನೋಡಿದೆ. ಅಸಲಿ ಎಂದು ಬಂತು. ಕಂಪನಿಯ ಹೆಸರೂ ಸರಿಯಾಗಿದೆ. ಅಟ್ಟೆ ಪಿಯು, ಎರಡು ಪದರದ್ದು.

ಅಸಲಿ_ನಕಲಿ
ಸಂಖ್ಯೆಯನ್ನೂ ನಕಲು ಮಾಡುತ್ತಾರೆ. ಬಿಲ್ ಎಲ್ಲಿ?

ಡಿಪ್ಲೊಮಾ_ಹುಡುಗ
ನಡುವೆ ಬಂದದ್ದಕ್ಕೆ ಕ್ಷಮಿಸಿ. ಮುಂದಿನ ತಿಂಗಳು ಇಂಟರ್ನ್‌ಶಿಪ್‌ಗೆ ಶೂ ಕೊಳ್ಳಬೇಕು. ಬೆರಳುಗಳ ಮೇಲೆ ಉಕ್ಕಿನ ಟೊಪ್ಪಿ ಇರುವ ಶೂ ಮೇಲೆ ಭಾರ ಬಿದ್ದರೆ ಉಕ್ಕು ಬಾಗಿ ಬೆರಳನ್ನೇ ಕತ್ತರಿಸುತ್ತದೆ ಎಂದು ಸೀನಿಯರ್ ಒಬ್ಬರು ಹೇಳಿದರು. ನಿಜವೇ?

ಪೀಣ್ಯ_ಫಿಟ್ಟರ್
ಈ ಕಥೆಯನ್ನು ನಾನು ಕೆಲಸಕ್ಕೆ ಸೇರಿದ ದಿನದಿಂದ ಕೇಳುತ್ತಿದ್ದೇನೆ. ಐಎಸ್ 15298ರ ಭಾಗ 2ರಲ್ಲಿ ಟೊಪ್ಪಿ 200 ಜೌಲ್ ಹೊಡೆತ ತಡೆಯಬೇಕು. 20 ಕಿಲೋ ತೂಕವನ್ನು ಸುಮಾರು 1 ಮೀಟರ್ ಎತ್ತರದಿಂದ ಬೀಳಿಸಿದಷ್ಟು. ಅದರ ಜೊತೆಗೆ 15 ಕಿಲೋನ್ಯೂಟನ್ ಒತ್ತಡ, ಹತ್ತಿರ ಹತ್ತಿರ ಒಂದೂವರೆ ಟನ್. ಅದನ್ನೂ ಮೀರಿ ಉಕ್ಕು ಬಾಗುವಷ್ಟು ಭಾರ ಬಿದ್ದರೆ ಕ್ಯಾನ್ವಾಸ್ ಶೂನೊಳಗಿನ ಬೆರಳು ಏನಾಗುತ್ತಿತ್ತು ಎಂದು ನಿಮ್ಮ ಸೀನಿಯರ್ ಅವರನ್ನೇ ಕೇಳಿ. ಭಾಗ 3ರ ಶೂ ಅರ್ಧದಷ್ಟು, 100 ಜೌಲ್. ಭಾಗ 4ರಲ್ಲಿ ಟೊಪ್ಪಿಯೇ ಕಡ್ಡಾಯವಲ್ಲ. ಅಂಗಡಿಯವರು ಮೂರನ್ನೂ ಸೇಫ್ಟಿ ಶೂ ಎಂದೇ ಮಾರುತ್ತಾರೆ. ಭಾಗ ಎಷ್ಟು ಎಂದು ನೋಡಿಕೊಳ್ಳಿ.

ಬ್ಯಾಟರಿ_ನೀರು
ಲೋಹವಿಲ್ಲದ ಕಾಂಪೋಸಿಟ್ ಟೊಪ್ಪಿ ಹಗುರ, ಬಿಸಿಲಿಗೆ ಕಾಯುವುದಿಲ್ಲ.

ದೋಹಾ_ದೊಡ್ಡಣ್ಣ
ಹಗುರವಾದರೂ ದಪ್ಪ ಹೆಚ್ಚು, ಮೂತಿ ಬಾತುಕೋಳಿಯ ಹಾಗೆ ಕಾಣುತ್ತದೆ. ನಾನು ಉಕ್ಕಿನ ಪಕ್ಷ.

ಉಗ್ರಾಣದ_ಅಜ್ಜ
ನಾನು ಗಣಿಯೊಂದರ ಉಗ್ರಾಣದಲ್ಲಿ 31 ವರ್ಷ ಇದ್ದು ನಿವೃತ್ತನಾದವನು. ಕೋಟದವರೇ, ಮೂರು ಪ್ರಶ್ನೆ. ಈ ಶೂ ಕೊಂಡದ್ದು ಯಾವಾಗ? ಇಷ್ಟು ದಿನ ಎಲ್ಲಿಟ್ಟಿದ್ದಿರಿ? ನಾಲಿಗೆಯ ಒಳಬದಿಯಲ್ಲಿ ತಯಾರಾದ ತಿಂಗಳು ಏನಿದೆ?

ಕಿಡಿಗೇಡಿ_ಕೋಟ
ಕೊಂಡದ್ದು 2020ರಲ್ಲಿ. ರಿಯಾಯಿತಿ ಇತ್ತೆಂದು ಎರಡು ಜೊತೆ ಒಟ್ಟಿಗೆ ತಂದೆ. ಒಂದನ್ನು ಆಗಲೇ ಹಾಕಿದೆ, ಅದೇ ಎರಡೂವರೆ ವರ್ಷ ಬಂದದ್ದು. ಆಮೇಲೆ ಮಂಗಳೂರಿನಲ್ಲಿ ಗುತ್ತಿಗೆದಾರರ ಬಳಿ ಸೇರಿದೆ, ಅಲ್ಲಿ ಅವರೇ ಶೂ ಕೊಡುತ್ತಿದ್ದರು. ಈಗ ಊರಿಗೆ ಬಂದು ಸ್ವಂತ ಅಂಗಡಿ ತೆರೆದು ಎರಡನೆಯ ಜೊತೆಯನ್ನು ತೆಗೆದೆ. ಒಮ್ಮೆಯೂ ಹಾಕಿರಲಿಲ್ಲ, ಹಾಗಾಗಿ ಹೊಸದು ಎಂದೇ ಬರೆದೆ. ಇಟ್ಟದ್ದು ಬಚ್ಚಲುಮನೆಯ ಅಟ್ಟದ ಮೇಲೆ, ಗೆದ್ದಲು ಬಾರದಿರಲೆಂದು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ. ಕೆಳಗೆ ಹಂಡೆ ಒಲೆ ಇರುವುದರಿಂದ ಬೆಚ್ಚಗೆ, ಒಣಗಿದ ಹಾಗೆ ಇರುತ್ತದೆ ಎಂದುಕೊಂಡೆ. ನಾಲಿಗೆಯ ಒಳಗೆ 03/2019 ಎಂದಿದೆ.

ಪೀಣ್ಯ_ಫಿಟ್ಟರ್
ಇದನ್ನು ಮೊದಲೇ ಹೇಳಬಾರದಿತ್ತೇ! ಎರಡು ದಿನದಿಂದ ಆಸಿಡ್, ಸಿಮೆಂಟ್ ಎಂದು ಒದ್ದಾಡುತ್ತಿದ್ದೇವೆ.

ಉಗ್ರಾಣದ_ಅಜ್ಜ
ಅಟ್ಟದಲ್ಲಿಟ್ಟ ಅಟ್ಟೆ ಸತ್ತಿದೆ, ಅಷ್ಟೇ. ಕಂಪನಿಯದೂ ತಪ್ಪಲ್ಲ, ಅಂಗಡಿಯದೂ ಅಲ್ಲ.

ಪಿಯು ಎಂದರೆ ಪಾಲಿಯುರಿಥೇನ್ ನೊರೆ. ಶೂ ಅಟ್ಟೆಗೆ ಸಾಮಾನ್ಯವಾಗಿ ಬಳಸುವುದು ಪಾಲಿಎಸ್ಟರ್ ಜಾತಿಯ ಪಿಯು. ಎಣ್ಣೆಗೆ, ಸವೆತಕ್ಕೆ ಗಟ್ಟಿ. ಆದರೆ ಅದರ ಅಣುಗಳ ಕೊಂಡಿಗಳನ್ನು ನೀರು ಬಿಡಿಸುತ್ತದೆ. ಮಳೆಯಲ್ಲಿ ನೆನೆಯಬೇಕೆಂದೇನೂ ಇಲ್ಲ, ಗಾಳಿಯ ತೇವ ಸಾಕು. ಬಿಸಿ ಸೇರಿದರೆ ಇನ್ನೂ ಬೇಗ. ಇದಕ್ಕೆ ಹೈಡ್ರಾಲಿಸಿಸ್ ಎನ್ನುತ್ತಾರೆ. ನೀವು ಕರಾವಳಿಯ ತೇವವನ್ನು ಚೀಲದೊಳಗೆ ಸೇರಿಸಿ ಕಟ್ಟಿ, ಬಚ್ಚಲ ಹಬೆಯ ಮೇಲೆ ವರ್ಷಗಟ್ಟಲೆ ಇಟ್ಟಿದ್ದೀರಿ. ಬೇಕೆಂದೇ ಹಾಳುಮಾಡಲು ಹೊರಟಿದ್ದರೂ ಇದಕ್ಕಿಂತ ಒಳ್ಳೆಯ ಜಾಗ ಸಿಗುತ್ತಿರಲಿಲ್ಲ.

ಹೊರಗಿನಿಂದ ಏನೂ ಕಾಣುವುದಿಲ್ಲ. ಕಾಲಿಟ್ಟು ನಾಲ್ಕು ಹೆಜ್ಜೆ ಮಡಚಿದಾಗ ಬಿರುಕು ಬಿಡುತ್ತದೆ. ನಮ್ಮಲ್ಲಿ ಒಮ್ಮೆ ಹಳೆಯ ರಾಶಿಯ ಮುಂದೆ ಹೊಸ ರಾಶಿ ಪೇರಿಸಿ, ಹಿಂದಿನದನ್ನು ಮರೆತೇಬಿಟ್ಟಿದ್ದರು. ವರ್ಷಗಳ ಮೇಲೆ ಅದನ್ನು ಹಂಚಿದೆವು. ವಾರದೊಳಗೆ ಅರುವತ್ತು ಮಂದಿ ಬಾಯಿ ತೆರೆದ ಶೂ ಹಿಡಿದು ನನ್ನ ಕಿಟಕಿಯ ಮುಂದೆ ನಿಂತಿದ್ದರು. ಅವರು ಬೈದದ್ದನ್ನು ಇಲ್ಲಿ ಬರೆಯಲಾಗದು. ಅಂದಿನಿಂದ ಮೊದಲು ಬಂದದ್ದು ಮೊದಲು ಹೊರಗೆ, ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಸೀಮೆಸುಣ್ಣದಲ್ಲಿ ತಯಾರಾದ ವರ್ಷ.

ಬ್ಯಾಟರಿ_ನೀರು
ಹಾಗಾದರೆ ಮೊದಲ ಜೊತೆ ಎರಡೂವರೆ ವರ್ಷ ಹೇಗೆ ಬಾಳಿತು? ಅದೂ ಅದೇ ಕಂಪನಿಯ ಮಾಲು.

ಉಗ್ರಾಣದ_ಅಜ್ಜ
ಅದು ಕೊಳೆಯುವ ಮೊದಲೇ ಸವೆದುಹೋಯಿತು. ಪೂರ್ತಿ ದುಡಿದು ಸತ್ತ ಶೂ ಅದು.

ಸಲ್ಯೂಷನ್ ನಿಲ್ಲದಿರುವುದಕ್ಕೂ ಇದೇ ಕಾರಣ. ಅಂಟು ಹಿಡಿಯಬೇಕಾದ ಜಾಗದಲ್ಲಿ ಇರುವುದು ಪುಡಿ. ಗೋಡೆಯ ಉದುರುವ ಸುಣ್ಣದ ಮೇಲೆ ಕಾಗದ ಅಂಟಿಸಿದಂತೆ. ಪುಡಿಯನ್ನೆಲ್ಲ ಕೆರೆದು ಟೈರಿನ ಅಟ್ಟೆ ಹೊಲಿಸಬಹುದು, ಆದರೆ ಮೊಳೆ ತಡೆಯುವ ತಗಡು ಸರಿಯಾಗಿ ಉಳಿದಿದೆಯೋ ಇಲ್ಲವೋ ನಿಮಗೆ ಗೊತ್ತಾಗುವುದಿಲ್ಲ. ಬೇಡ.

ಕಿಡಿಗೇಡಿ_ಕೋಟ
ಒಂದು ಮಾತೂ ಆಡುವಂತಿಲ್ಲ. ಮನೆಯವರು ಬಿಡದೆ ನಗುತ್ತಿದ್ದಾರೆ, ಅಟ್ಟದ ಮೇಲೆ ಇಡಬೇಡಿ ಎಂದು ಅವರು ಆಗಲೇ ಹೇಳಿದ್ದರಂತೆ. ಸರಿ, ಈಗ ಯಾವುದನ್ನು ಕೊಳ್ಳಲಿ? 2,500 ರೂಪಾಯಿ ಒಳಗೆ. ಇನ್ನೊಂದು ವಿಷಯ ಬರೆಯಲು ಮರೆತೆ. ಹಳೆಯ ಜೊತೆಯಲ್ಲಿ ಎಡಗಾಲಿನ ಹೆಬ್ಬೆರಳಿನ ಉಗುರು ಕಪ್ಪಾಗಿತ್ತು, ಸಂಜೆಯಾದರೆ ಹಿಮ್ಮಡಿ ಉರಿ.

ಪೀಣ್ಯ_ಫಿಟ್ಟರ್
ಬೆಸುಗೆಗೆ ನೈಟ್ರೈಲ್ ರಬ್ಬರ್ ಅಟ್ಟೆ. ಎಚ್‌ಆರ್‌ಒ ಎಂದು ಬರೆದಿದ್ದರೆ 300 ಡಿಗ್ರಿ ಬಿಸಿ ತಗುಲಿದರೂ ಒಂದು ನಿಮಿಷ ತಡೆದ ಪರೀಕ್ಷೆ ಆಗಿದೆ ಎಂದರ್ಥ. ಬಿಸಿ ಕಬ್ಬಿಣದ ಚೂರು ತುಳಿದಾಗ ಪಿಯು ಕರಗಿ ಗುಂಡಿ ಬೀಳುತ್ತದೆ, ರಬ್ಬರ್ ಸುಟ್ಟ ವಾಸನೆ ಬರುತ್ತದೆ ಅಷ್ಟೆ. ಎಸ್3 ಗುರುತು ಇದ್ದರೆ ಮೊಳೆ ತಡೆಯುವ ತಗಡೂ ಇರುತ್ತದೆ, ಮೇಲ್ಭಾಗ ನೀರನ್ನೂ ಒಂದಷ್ಟು ತಡೆಯುತ್ತದೆ. ಆದರೆ ಮೆತ್ತಗೆ ಇರಲಿ ಎಂದು ನಡುವೆ ಪಿಯು ಪದರ ಹಾಕಿದ ನೈಟ್ರೈಲ್ ಶೂಗಳೂ ಇವೆ. ಅಂಥದ್ದನ್ನು ಮತ್ತೆ ಅಟ್ಟಕ್ಕೆ ಹಾಕಿದರೆ ಇದೇ ಕಥೆ.

ಪೂರ್ತಿ ರಬ್ಬರಿನದು ಭಾರ. ಮೊದಲ ವಾರ ಕಾಲಿಗೆ ಕಲ್ಲು ಕಟ್ಟಿಕೊಂಡ ಹಾಗೆ ಅನಿಸುತ್ತದೆ. ಅಂಗಡಿಯಲ್ಲಿ ಹಾಕಿದ ತಕ್ಷಣ ಹತ್ತಿಯಂತೆ ಮೆತ್ತಗಿರುವ ಶೂವನ್ನು ಎಲ್ಲರೂ ಇಷ್ಟಪಡುತ್ತಾರೆ, ಮೊದಲು ಕೈಕೊಡುವುದೂ ಆ ಮೆತ್ತೆಯೇ.

ಉಗುರು ಕಪ್ಪಾಗಿದೆ ಎಂದರೆ ಅಳತೆ ಚಿಕ್ಕದು. ಉಕ್ಕಿನ ಟೊಪ್ಪಿ ಚರ್ಮದಂತೆ ಹಿಗ್ಗುವುದಿಲ್ಲ, ಎಷ್ಟು ದಿನ ಹಾಕಿದರೂ ಅಷ್ಟೇ. ಸಂಜೆ ಹೊತ್ತು, ಕಾಲು ಊದಿಕೊಂಡಿರುವಾಗ, ಕೆಲಸಕ್ಕೆ ಹಾಕುವ ದಪ್ಪ ಕಾಲುಚೀಲದಲ್ಲೇ ಅಳತೆ ನೋಡಿ. ಲೇಸ್ ಕಟ್ಟದೆ ಕಾಲನ್ನು ಮುಂದಕ್ಕೆ ದೂಡಿದಾಗ ಹಿಮ್ಮಡಿಯ ಹಿಂದೆ ಒಂದು ಬೆರಳು ಹಿಡಿಯಬೇಕು. ಆಮೇಲೆ ಲೇಸ್ ಬಿಗಿದು ಅಂಗಡಿಯ ಮೆಟ್ಟಿಲು ಇಳಿಯಿರಿ. ಬೆರಳು ಟೊಪ್ಪಿಗೆ ಬಡಿದರೆ ವಾಪಸ್ ಕೊಡಿ, ಅಂಗಡಿಯವರು ಸಡಿಲವಾಗುತ್ತದೆ ಎಂದರೂ ಕೇಳಬೇಡಿ.

ದೋಹಾ_ದೊಡ್ಡಣ್ಣ
ರೆಡ್ ವಿಂಗ್‌ನಲ್ಲಿ ಅಗಲದ ಅಳತೆಯೂ ಬೇರೆ ಬೇರೆ ಸಿಗುತ್ತದೆ, ಉದ್ದ ಮಾತ್ರವಲ್ಲ.

ಉಗ್ರಾಣದ_ಅಜ್ಜ
ದೋಹಾದವರೇ, ಕಪಾಟಿನಲ್ಲಿರುವ ಆ ಎರಡು ಜೊತೆಗಳ ಅಟ್ಟೆ ಯಾವುದು?

ದೋಹಾ_ದೊಡ್ಡಣ್ಣ
ಒಂದು ರಬ್ಬರ್. ಇನ್ನೊಂದು ಬಿಳಿ ಬಣ್ಣದ್ದು, ತುಂಬ ಮೆತ್ತಗಿದೆ, ಏನೆಂದು ನೋಡಬೇಕು. 2017ರಲ್ಲಿ ಕೊಂಡದ್ದು.

ಉಗ್ರಾಣದ_ಅಜ್ಜ
ಹೆಬ್ಬೆರಳಿನಿಂದ ಒತ್ತಿ ನೋಡಿ. ಮೆಲ್ಲಗೆ.

ಕಿಡಿಗೇಡಿ_ಕೋಟ
ಇಂದು ಉಡುಪಿಗೆ ಹೋಗಿ ನೈಟ್ರೈಲ್ ತಂದೆ, 2,280 ರೂಪಾಯಿ. ಮೊದಲು ಕೊಟ್ಟದ್ದರಲ್ಲಿ ತಯಾರಿಯ ದಿನ ಮೂರು ವರ್ಷ ಹಳೆಯದಾಗಿತ್ತು. ಬೇರೆ ಕೊಡಿ ಎಂದೆ. ಅಂಗಡಿಯವರು ಹಾಲಿನ ಪ್ಯಾಕೆಟ್ಟಿಗೆ ತಾರೀಕು ನೋಡುವವರನ್ನು ಕಂಡಿದ್ದೇನೆ, ಶೂಗೆ ನೋಡುವವರು ನೀವೇ ಮೊದಲು ಎಂದರು. 8ರ ಬದಲು 9 ತೆಗೆದುಕೊಂಡೆ. ಭಾರ ಇದೆ. ಎಡ ಹಿಮ್ಮಡಿಯಲ್ಲಿ ಈಗಲೇ ಗುಳ್ಳೆ ಎದ್ದಿದೆ, ಅದಕ್ಕೆ ಏನು ಮಾಡಲಿ?

ತೋಟದ_ಮನೆ
ಗಮ್‌ಬೂಟಿನಲ್ಲಿ ಗುಳ್ಳೆ ಏಳುವುದಿಲ್ಲ.

ಪೀಣ್ಯ_ಫಿಟ್ಟರ್
ಹಿಮ್ಮಡಿ ಒಳಗೆ ಮೇಲೆ ಕೆಳಗೆ ಆಡುತ್ತಿದೆ. ಮೇಲಿನ ಕೊನೆಯ ಎರಡು ತೂತುಗಳಲ್ಲಿ ಲೇಸನ್ನು ಅದೇ ಬದಿಗೆ ಕುಣಿಕೆಯಂತೆ ಹಾಕಿ, ಎದುರು ಬದಿಯ ಲೇಸನ್ನು ಆ ಕುಣಿಕೆಯೊಳಗಿನಿಂದ ಎಳೆದು ಕಟ್ಟಿ. ಹಿಮ್ಮಡಿ ಕದಲುವುದಿಲ್ಲ. ಮನೆಯಲ್ಲಿ ದಿನಕ್ಕೆ ಎರಡು ಗಂಟೆ ಹಾಕಿ ಪಳಗಿಸಿದ ಮೇಲೆ ಕೆಲಸಕ್ಕೆ ಹಾಕಿ.

ದೋಹಾ_ದೊಡ್ಡಣ್ಣ
ಒತ್ತಿದೆ. ಹೆಬ್ಬೆರಳು ಒಳಗೆ ಹೋಯಿತು.

ಅಸಲಿ_ನಕಲಿ
ಬಿಲ್ಲಿನ ಚಿತ್ರ ಇನ್ನೂ ಬಂದಿಲ್ಲ. ದೋಹಾದವರೂ ಹಾಕಿ.