ಸಣ್ಣ ವಿಜ್ಞಾನ ಸಂಘದ ಲೆಕ್ಕಪತ್ರ: ಖಜಾಂಚಿ ಕೇಳಿದ್ದು, ಸಿಎ ಹೇಳಿದ್ದು

ಪ್ರಶ್ನೆ (ಪಾಷಾಣ್, ಪುಣೆ): ನಮಸ್ಕಾರ. ಊರು ಧಾರವಾಡ, ಇಲ್ಲಿ ಕೆಮಿಕಲ್ ಪೇಟೆಂಟ್ ಹುಡುಕುವ ಕೆಲಸ. ರಸಾಯನಶಾಸ್ತ್ರದ ಡೇಟಾಬೇಸ್, ಲೈಬ್ರರಿ, ಪೇಟೆಂಟ್ ಕೆಲಸದವರದ್ದು ಒಂದು ಸಣ್ಣ ಸಂಘ ಇದೆ. ಈ ಸಲ ಖಜಾಂಚಿ ಕೆಲಸ ನನ್ನ ತಲೆಗೆ ಬಂತು. ಹೊಸ ಸಮಿತಿ ಆರಿಸಿ ಎರಡು ತಿಂಗಳಾಯಿತು. ಬ್ಯಾಂಕಿನವರು ಸಹಿ ಬದಲಿಸಲು ಒಪ್ಪುತ್ತಿಲ್ಲ, 'ಶೆಡ್ಯೂಲ್ ವನ್ ತನ್ನಿ' ಅಂತಾರೆ. ನಮ್ಮದು ಸೊಸೈಟಿ, ಟ್ರಸ್ಟ್ ಅಲ್ವಲ್ಲ? ಮುಂದಿನ ವರ್ಷ ಸಮ್ಮೇಳನವೂ ಇದೆ. ಡೇಟಾಬೇಸ್ ಕಂಪನಿಗಳು ಸ್ಟಾಲ್ ಹಾಕಲು ದುಡ್ಡು ಕೊಡುತ್ತಾರಂತೆ. ಜಿಎಸ್‌ಟಿ ಕಟ್ಟಬೇಕಾ?

ಉತ್ತರ (ಸಿಎ, ಕೋಥ್ರುಡ್): ಬ್ಯಾಂಕಿನವರು ಕೇಳಿದ್ದು ಸರಿ. ಕರ್ನಾಟಕದಿಂದ ಬಂದವರಿಗೆ ಇದು ಹೊಸದು. ಮಹಾರಾಷ್ಟ್ರದಲ್ಲಿ 1860ರ ಸೊಸೈಟಿ ಕಾಯ್ದೆಯಡಿ ನೋಂದಣಿಯಾದ ಇಂಥ ಸಂಘ 1950ರ ಪಬ್ಲಿಕ್ ಟ್ರಸ್ಟ್ ಕಾಯ್ದೆಗೂ ಸೇರುತ್ತದೆ. ಟ್ರಸ್ಟ್‌ಗಳನ್ನು ನೋಡಿಕೊಳ್ಳುವ ರಾಜ್ಯದ ಅಧಿಕಾರಿ ಚಾರಿಟಿ ಕಮಿಷನರ್. ಅವರ ಆಫೀಸಿನ ರಿಜಿಸ್ಟರಿನಲ್ಲಿ ಯಾರ ಹೆಸರಿದೆಯೋ ಅವರೇ ಟ್ರಸ್ಟಿಗಳು. ಆ ಪುಟವೇ ಶೆಡ್ಯೂಲ್ ವನ್. ನೀವು ಸಭೆಯಲ್ಲಿ ಚಪ್ಪಾಳೆ ತಟ್ಟಿ ಆರಿಸಿದ ಮಾತ್ರಕ್ಕೆ ಅದು ಬದಲಾಗುವುದಿಲ್ಲ. ಟ್ರಸ್ಟ್ ಕಾಯ್ದೆಯ 22ನೇ ಕಲಮಿನ ಪ್ರಕಾರ 90 ದಿನದೊಳಗೆ ಚೇಂಜ್ ರಿಪೋರ್ಟ್, ಅಂದರೆ ಸಮಿತಿ ಬದಲಾಗಿದೆ ಎಂದು ಆ ಆಫೀಸಿಗೆ ತಿಳಿಸುವ ಅರ್ಜಿ, ಹಾಕಬೇಕು. ಎರಡು ತಿಂಗಳು ಆಗಲೇ ಹೋಗಿದೆ, ಈ ವಾರವೇ ಶುರು ಮಾಡಿ. ತಡವಾದರೆ ಕಾರಣ ಹೇಳಿ ಮನ್ನಿಸಿ ಎಂದು ಕೇಳಬಹುದು, ಆದರೆ ಸುಮ್ನೆ ಯಾಕೆ ಆ ತಲೆನೋವು?

ಹಳೆಯ ಫೈಲ್ ತೆಗೆದು ನೋಡಿ. ಹಿಂದಿನ ಸಮಿತಿಗಳ ಚೇಂಜ್ ರಿಪೋರ್ಟ್ ಬಾಕಿ ಇದ್ದರೆ ನಿಮ್ಮದೂ ಅದರ ಹಿಂದೆ ಸಿಕ್ಕಿಕೊಳ್ಳುತ್ತದೆ. ನಾನು ನೋಡಿದ ಸಣ್ಣ ಸಂಘಗಳಲ್ಲಿ ಜಾಸ್ತಿ ತೊಂದರೆ ದುಡ್ಡಿನದ್ದಲ್ಲ, ಇದರದ್ದೇ.

ಈಗ ಸಮ್ಮೇಳನ. ಎಲ್ಲರೂ ಜಿಎಸ್‌ಟಿಗೆ ಹೆದರುತ್ತಾರೆ. ಸೇವೆಗಳ ಒಟ್ಟು ವಹಿವಾಟು ವರ್ಷಕ್ಕೆ 20 ಲಕ್ಷ ದಾಟದಿದ್ದರೆ ಸಾಮಾನ್ಯವಾಗಿ ನೋಂದಣಿ ಬೇಡ. ಸದಸ್ಯತ್ವ ಶುಲ್ಕ, ಪ್ರತಿನಿಧಿ ಶುಲ್ಕ, ಸ್ಟಾಲ್ ದುಡ್ಡು ಎಲ್ಲ ಸೇರಿಸಿ ನೋಡಿ. ಸಮ್ಮೇಳನದ ವರ್ಷ ದಾಟಿಬಿಡಬಹುದು.

ನನಗೆ ನಿಜವಾದ ಚಿಂತೆ ಆದಾಯ ತೆರಿಗೆಯದ್ದು. ತೆರಿಗೆ ವಿನಾಯಿತಿ ಕೊಡುವಾಗ ನಿಮ್ಮಂಥ ಸಂಘವನ್ನು 'ಶಿಕ್ಷಣ' ಅಂತ ಇಲಾಖೆ ಒಪ್ಪುವುದು ಕಷ್ಟ. ಸಾರ್ವಜನಿಕ ಉಪಯೋಗದ ಗುಂಪಿಗೆ ಹಾಕುತ್ತಾರೆ. ಆ ಗುಂಪಿನಲ್ಲಿ ವ್ಯಾಪಾರದಂಥ ಆದಾಯ ಒಟ್ಟು ಸ್ವೀಕೃತಿಯ 20% ಮೀರುವಂತಿಲ್ಲ. ಮೀರಿದರೆ ಆ ವರ್ಷದ ವಿನಾಯಿತಿ ಹೋಗುತ್ತದೆ. ಕಂಪನಿ ಸ್ಟಾಲ್ ಹಾಕಿ, ಲೋಗೋ ಹಚ್ಚಿ, ಅರ್ಧ ಗಂಟೆ ತನ್ನ ಸಾಫ್ಟ್‌ವೇರ್ ತೋರಿಸಿದರೆ ಅದು ವ್ಯಾಪಾರ. ಏನೂ ಕೇಳದೆ ಕೊಟ್ಟು, ನೀವು ಬರೀ ಕೃತಜ್ಞತೆ ಹೇಳಿದರೆ ದೇಣಿಗೆ. ಎರಡಕ್ಕೂ ಬೇರೆ ರಸೀದಿ, ಬೇರೆ ಪತ್ರ ಇರಲಿ. ಸ್ಟಾಲ್ ಬಾಡಿಗೆಗೆ 'ದೇಣಿಗೆ' ಅಂತ ಬರೆದು ಪಾರಾಗುತ್ತೇವೆ ಅಂದುಕೊಳ್ಳಬೇಡಿ.

ಮಾರ್ಚ್ 31ಕ್ಕೆ ಲೆಕ್ಕ ಮುಗಿಸಿದರೆ ಸೆಪ್ಟೆಂಬರ್ ಒಳಗೆ ಆಡಿಟ್ ಆಗಬೇಕು.

ಪ್ರಶ್ನೆ (ಅದೇ ಖಜಾಂಚಿ): ಆಜೀವ ಸದಸ್ಯರ ಹಣ ಎಫ್‌ಡಿಯಲ್ಲಿದೆ. ಒಬ್ಬರು ಪತಸಂಸ್ಥೆಯಲ್ಲಿ (ಇಲ್ಲಿನ ಸಹಕಾರಿ ಪತ್ತಿನ ಸಂಘ) ಬಡ್ಡಿ ಜಾಸ್ತಿ ಅಂತಿದ್ದಾರೆ.

ಉತ್ತರ (ಸಿಎ): ಬೇಡವೇ ಬೇಡ. ಟ್ರಸ್ಟ್ ಹಣ ಎಲ್ಲಿಡಬಹುದು ಎಂದು ಅದೇ ಟ್ರಸ್ಟ್ ಕಾಯ್ದೆಯ 35ನೇ ಕಲಮಿನಲ್ಲಿದೆ, ಆದಾಯ ತೆರಿಗೆಯದ್ದೂ ಬೇರೆ ಪಟ್ಟಿ ಇದೆ. ಶೆಡ್ಯೂಲ್ಡ್ ಬ್ಯಾಂಕಿನ ಎಫ್‌ಡಿ ಎರಡಕ್ಕೂ ನಡೆಯುತ್ತದೆ. ಇನ್ನು, ಆಜೀವ ಶುಲ್ಕ ಎಂದ ಮಾತ್ರಕ್ಕೆ ಅದು ಕಾರ್ಪಸ್ (ಮೂಲನಿಧಿ) ಆಗುವುದಿಲ್ಲ. ದೇಣಿಗೆ ಕೊಡುವವರು 'ಕಾರ್ಪಸ್‌ಗೆ' ಎಂದು ಬರೆದು ಕೊಟ್ಟಿರಬೇಕು.

ಇನ್ನೊಬ್ಬರು (ಠಾಣೆ): ಸಂಘದ ಹೆಸರಲ್ಲಿ ಒಂದು ಸೈಫೈಂಡರ್ (ದುಡ್ಡು ಕೊಟ್ಟು ಬಳಸುವ ರಸಾಯನಶಾಸ್ತ್ರದ ಡೇಟಾಬೇಸ್) ಖಾತೆ ಕೊಂಡು ಸದಸ್ಯರೆಲ್ಲ ಹಂಚಿಕೊಳ್ಳಬಹುದಾ?

ಉತ್ತರ (ಮುಂಬೈಯ ಪೇಟೆಂಟ್ ಸರ್ಚರ್): ಇದಕ್ಕೆ ನಾನು ಹೇಳುತ್ತೇನೆ. ಆಗಲ್ಲ. ಲೈಸೆನ್ಸ್ ಇರುವುದು ಅದರಲ್ಲಿ ಅನುಮತಿ ಪಡೆದ ಬಳಕೆದಾರರಿಗೆ ಮಾತ್ರ, ಬೇರೆ ಬೇರೆ ಕಂಪನಿಯ ಸದಸ್ಯರು ಹಂಚಿಕೊಳ್ಳಲಿಕ್ಕಲ್ಲ. ಸಿಕ್ಕಿಬಿದ್ದರೆ ಸಂಘದ ಹೆಸರು ಹಾಳು. 2025ರಲ್ಲಿ ಶುರುವಾದ 'ಒಂದು ರಾಷ್ಟ್ರ ಒಂದು ಚಂದಾ' ಯೋಜನೆಯಲ್ಲಿ 30 ಪ್ರಕಾಶಕರ ಸುಮಾರು 13,000 ಜರ್ನಲ್ ಇವೆ, ಆದರೆ ಅದು ಸರ್ಕಾರಿ ವಿದ್ಯಾಸಂಸ್ಥೆ, ಸಂಶೋಧನಾ ಸಂಸ್ಥೆಗಳಿಗೆ. ಸ್ವಂತವಾಗಿ ದುಡಿಯುವ ನಮ್ಮಂಥವರಿಗೆ ಪಬ್‌ಕೆಮ್ ಎಂಬ ರಾಸಾಯನಿಕಗಳ ಡೇಟಾಬೇಸ್ ಇದೆ, ಪುಕ್ಕಟೆ. ಸಂಘ ಅದರ ಮೇಲೆ ಕಾರ್ಯಾಗಾರ ಮಾಡಿದರೆ ಸದಸ್ಯತ್ವ ಶುಲ್ಕ ಕೊಟ್ಟಿದ್ದಕ್ಕೂ ಸಾರ್ಥಕ.

ಪ್ರಶ್ನೆ (ಪಣಜಿ): ಗೋವಾದಲ್ಲೂ ಇದೇ ಚಾರಿಟಿ ಕಮಿಷನರ್ ಗೋಳಾ?

ಉತ್ತರ (ಸಿಎ): ಇಲ್ಲ, ಅದು ಮಹಾರಾಷ್ಟ್ರದ ಕಾಯ್ದೆ. ಆದಾಯ ತೆರಿಗೆ, ಜಿಎಸ್‌ಟಿ ಬಗ್ಗೆ ಹೇಳಿದ್ದು ಮಾತ್ರ ಅಲ್ಲೂ ಅದೇ.

ಪ್ರಶ್ನೆ (ಖಜಾಂಚಿ): ಹಳೆಯ ಅಧ್ಯಕ್ಷರು ಅಮೆರಿಕದಲ್ಲಿದ್ದಾರೆ. ಅವರ ಸಹಿ ಇಲ್ಲದೆ ಚೇಂಜ್ ರಿಪೋರ್ಟ್ ಹೋಗುತ್ತಾ?

ಉತ್ತರ (ಸಿಎ): ಹೋಗುತ್ತದೆ. ಸಮಿತಿಯಿಂದ ಹೊರಗೆ ಹೋದವರಿಗೆ ನೋಟಿಸ್ ಕೊಡುತ್ತಾರೆ, ಅಷ್ಟೇ. ಆದರೂ ಒಪ್ಪಿಗೆ ಪತ್ರ ಸ್ಕ್ಯಾನ್ ಮಾಡಿ ಕಳಿಸಲು ಹೇಳಿ, ಕೆಲಸ ಬೇಗ ಆಗುತ್ತದೆ. ಅದಕ್ಕಿಂತ ಮುಖ್ಯ, ಚುನಾವಣೆ ಸಭೆಯ ನೋಟಿಸ್, ಹಾಜರಿ ಪುಸ್ತಕ, ಠರಾವು ಮೂರೂ ಇವೆಯಾ ನೋಡಿ. ನೋಟಿಸ್‌ನ ಅವಧಿ ನಿಮ್ಮ ನಿಯಮಾವಳಿಗೆ ಹೊಂದಬೇಕು. ಫೋಟೋ ತೆಗೆದು ನನಗೆ ಇನ್‌ಬಾಕ್ಸ್ ಮಾಡಿ.