ಪದಚರ್ಚೆ: 1644ರ ಆಕ್ಸ್‌ಫರ್ಡ್ ಪಾರ್ಲಿಮೆಂಟಿನ ಸಂದರ್ಭದಲ್ಲಿ ‘ರಾಜನಿಷ್ಠೆ’ ಮತ್ತು ‘ಪರಚಕ್ರ’

ಬಳಗದ ಎಲ್ಲರಿಗೂ ನಮಸ್ಕಾರ.

ಪದವಿ ತರಗತಿಯ ವಿದ್ಯಾರ್ಥಿಗಳಿಗಾಗಿ 17ನೆಯ ಶತಮಾನದ ಇಂಗ್ಲೆಂಡಿನ ಇತಿಹಾಸವನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಅದರಲ್ಲಿ ಎದುರಾದ ಎರಡು ಮೂರು ಪದಗಳ ಬಗ್ಗೆ ಬಲ್ಲವರ ಅಭಿಪ್ರಾಯ ಬೇಕಾಗಿದೆ. ಒಂದನೆಯ ಚಾರ್ಲ್ಸ್ ದೊರೆ 1644ರ ಜನವರಿ 22ರಂದು ಆಕ್ಸ್‌ಫರ್ಡಿನ ಕ್ರೈಸ್ಟ್ ಚರ್ಚ್ ಕಾಲೇಜಿನ ಸಭಾಂಗಣದಲ್ಲಿ ಪಾರ್ಲಿಮೆಂಟಿನ ಸದಸ್ಯರನ್ನು ಕೂಡಿಸಿದ ಸಂದರ್ಭ ಅದು. ದೊರೆಗೂ ಲಂಡನ್ನಿನ ವೆಸ್ಟ್‌ಮಿನ್‌ಸ್ಟರಿನಲ್ಲಿ ಕೂಡುತ್ತಿದ್ದ ಪಾರ್ಲಿಮೆಂಟಿಗೂ ಯುದ್ಧ ಹತ್ತಿ ಆಗಲೇ ಒಂದೂವರೆ ವರ್ಷ ಸಮೀಪಿಸಿತ್ತು. 1643ರ ಸೆಪ್ಟೆಂಬರಿನಲ್ಲಿ ವೆಸ್ಟ್‌ಮಿನ್‌ಸ್ಟರಿನವರು ಸ್ಕಾಟ್ಲೆಂಡಿನೊಡನೆ ಪ್ರಮಾಣಪೂರ್ವಕವಾಗಿ ಮಾಡಿಕೊಂಡ ಒಡಂಬಡಿಕೆಯಂತೆ, ಲೆವೆನ್ನಿನ ಅರ್ಲ್ (ಒಂದು ಪ್ರಭುಪದವಿ) ಅಲೆಕ್ಸಾಂಡರ್ ಲೆಸ್ಲಿಯ ಕೈಕೆಳಗಿನ ಸುಮಾರು 20,000 ಜನರ ಸ್ಕಾಟ್ ಸೇನೆ, ಸಭೆ ಕೂಡುವುದಕ್ಕೆ ಮೂರೇ ದಿನ ಮೊದಲು, ಟ್ವೀಡ್ ನದಿಯನ್ನು ದಾಟಿ ಇಂಗ್ಲೆಂಡಿನೊಳಕ್ಕೆ ಬಂದಿತ್ತು. 1643ರ ಡಿಸೆಂಬರ್ 22ರಂದು ಹೊರಡಿಸಿದ ಕರೆಯಲ್ಲಿ ದೊರೆ ಆಗಿನ್ನೂ ಬರಲಿದ್ದ ಈ ದಾಳಿಯನ್ನೇ ಕಾರಣವಾಗಿ ಮುಂದಿಟ್ಟು, ತನ್ನಲ್ಲಿಗೆ ಬರುವ ಸದಸ್ಯರಿಗೆ ಕ್ಷಮಾದಾನದ ಭರವಸೆಯನ್ನೂ ಕೊಟ್ಟಿದ್ದ.

ಹೀಗೆ ಒಳಗಿನ ಯುದ್ಧ ನಡೆಯುತ್ತಿರುವಾಗಲೇ ಹೊರಗಿನ ದಂಡೂ ಏರಿ ಬಂದಿರುವಾಗ, ದೊರೆ ತನ್ನ ಪಾರ್ಲಿಮೆಂಟಿನಿಂದ ಬಯಸಿದ್ದನ್ನು ಕನ್ನಡದಲ್ಲಿ ಏನೆಂದು ಕರೆಯಬೇಕು?

ಮೊದಲು ಬಾಯಿಗೆ ಬರುವುದು ‘ರಾಜಭಕ್ತಿ’. ನಾನು ಅದನ್ನು ಬಿಟ್ಟಿದ್ದೇನೆ. ಹಳೆಯ ಮೈಸೂರಿನ ಕಡೆಯವರ ಕಿವಿಗೆ ಈ ಮಾತು ಅರಮನೆ, ದಸರಾ, ಮಹಾಪ್ರಭುಗಳೆಂಬ ಸಂಬೋಧನೆ ಎಲ್ಲವನ್ನೂ ಒಟ್ಟಿಗೆ ತಂದು ನಿಲ್ಲಿಸುತ್ತದೆ. ಭಕ್ತಿಯಲ್ಲಿ ಷರತ್ತು ಇರುವುದಿಲ್ಲ, ಆದರೆ ಆಕ್ಸ್‌ಫರ್ಡಿಗೆ ಬಂದವರು ಷರತ್ತಿಲ್ಲದೆ ಬಂದವರಲ್ಲ. ಅವರಲ್ಲಿ ಬಹಳ ಮಂದಿ ದೊರೆ ಸಂಧಾನಕ್ಕೆ ಒಪ್ಪಲಿ ಎಂದು ಒತ್ತಾಯಿಸುತ್ತಲೇ ಇದ್ದರು.

‘ಸ್ವಾಮಿನಿಷ್ಠೆ’ಯ ಕಡೆಗೆ ಹೋದರೆ ನಮ್ಮ ಶಾಸನಗಳ ದೊಡ್ಡ ಪದಸಂಪತ್ತೇ ತೆರೆದುಕೊಳ್ಳುತ್ತದೆ. ಒಡೆಯನೊಡನೆ ಸಾಯುವ ಹರಕೆ ಹೊತ್ತವನದು ‘ವೇಳೆವಾಳಿ’, ಒಡೆಯನ ಅನ್ನ ಉಂಡದ್ದಕ್ಕೆ ಪ್ರಾಣದಿಂದ ತೀರಿಸುವುದು ‘ಜೋಳವಾಳಿ’. ಹೊಯ್ಸಳರ ಎರಡನೆಯ ಬಲ್ಲಾಳನಿಗಾಗಿ ಪ್ರಾಣ ಕೊಟ್ಟ ಕುವರಲಕ್ಷ್ಮನ ಕಂಬ ಹಳೇಬೀಡಿನಲ್ಲಿ ಇಂದಿಗೂ ನಿಂತಿದೆ. ಇಷ್ಟು ಸೊಗಸಾದ ಪದಗಳನ್ನು ಬಳಸುವ ಆಸೆ ಯಾರಿಗಾದರೂ ಆದೀತು. ಆದರೆ ಆಕ್ಸ್‌ಫರ್ಡಿನಲ್ಲಿ ಜೋಳ ಅಳೆಯಬೇಕಾದವರು ಸದಸ್ಯರು, ಉಣ್ಣಬೇಕಾದವನು ದೊರೆ. ಸೈನ್ಯದ ಸಂಬಳಕ್ಕೆ ಹಣವಿಲ್ಲದೆ ಅವನು ಸದಸ್ಯರ ಒಪ್ಪಿಗೆ ಕೇಳಿದ, ಅವರು ಸಾಲ ಎತ್ತುವುದಕ್ಕೂ ಎಕ್ಸೈಸ್ ಸುಂಕ ಹಾಕುವುದಕ್ಕೂ ಒಪ್ಪಿದರು. ಋಣದ ದಿಕ್ಕೇ ತಿರುಗಿಬಿದ್ದಿರುವ ಕಡೆ ಜೋಳವಾಳಿಯ ಮಾತು ಸಲ್ಲುವುದಿಲ್ಲ.

‘ವಿಧೇಯತೆ’ ಆಜ್ಞೆ ಪಾಲಿಸುವುದಷ್ಟೇ ಆದ್ದರಿಂದ ಅದು ಸಾಲದು. ಉಳಿಯುವುದು ‘ರಾಜನಿಷ್ಠೆ’. ನಮ್ಮ ಶಾಸಕರು ಪ್ರಮಾಣವಚನ ಸ್ವೀಕರಿಸುವಾಗ ಸಂವಿಧಾನಕ್ಕೆ ‘ಶ್ರದ್ಧೆ ಮತ್ತು ನಿಷ್ಠೆ’ ಎನ್ನುವುದರಿಂದ, ‘ನಿಷ್ಠೆ’ಗೆ ಕಾನೂನಿನ ಕಟ್ಟುಪಾಡಿನ ಅರ್ಥ ಈಗಾಗಲೇ ಬಂದಿದೆ, ಪ್ರಮಾಣದಿಂದ ಕಟ್ಟುಬಿದ್ದ ಸದಸ್ಯರಿಂದ ದೊರೆ ಬಯಸಿದ್ದೂ ಅದನ್ನೇ. ತೊಡಕು ಇರುವುದು ಇನ್ನೊಂದು ಕಡೆ. ಚಾರ್ಲ್ಸನ ಪಕ್ಷದವರನ್ನು ‘ರಾಜನಿಷ್ಠರು’ ಎಂದು ಕರೆಯುವ ರೂಢಿ ನಮ್ಮ ಪಠ್ಯಗಳಲ್ಲಿ ಇದೆ. ಆದರೆ ಎದುರು ಪಕ್ಷದವರು 1642ರಲ್ಲಿ ಎಸೆಕ್ಸಿನ ಅರ್ಲನ ಕೈಕೆಳಗೆ ಸೇನೆ ಕಟ್ಟಿದ್ದು ‘ದೊರೆ ಮತ್ತು ಪಾರ್ಲಿಮೆಂಟಿನ’ ಹೆಸರಿನಲ್ಲಿ. 1643ರ ಒಡಂಬಡಿಕೆಯ ಪ್ರಮಾಣದಲ್ಲಿಯೂ ದೊರೆಯ ದೇಹವನ್ನೂ ಅಧಿಕಾರವನ್ನೂ ಕಾಪಾಡುವ ಮಾತಿದೆ. ದೊರೆಯೆಂಬ ವ್ಯಕ್ತಿಯ ಮೇಲೆ ಗುಂಡು ಹಾರಿಸುತ್ತಲೇ ದೊರೆತನಕ್ಕೆ ನಿಷ್ಠರಾಗಿದ್ದೇವೆ ಎನ್ನುವುದು ಅವರ ವಾದ. ಹಾಗಿರುವಾಗ ಒಂದು ಪಕ್ಷಕ್ಕೆ ಮಾತ್ರ ‘ರಾಜನಿಷ್ಠರು’ ಎಂದು ಹೆಸರಿಟ್ಟರೆ ಚರ್ಚೆಯ ತೀರ್ಪನ್ನು ನಾವೇ ಮೊದಲು ಕೊಟ್ಟಂತಾಗುತ್ತದೆ. ಆದಕಾರಣ ನಾನು ಜನರಿಗೆ ‘ದೊರೆಯ ಪಕ್ಷದವರು’ ಎಂದೂ, ದೊರೆ ಬಯಸಿದ ಗುಣಕ್ಕೆ ಮಾತ್ರ ‘ರಾಜನಿಷ್ಠೆ’ ಎಂದೂ ಬರೆಯುತ್ತಿದ್ದೇನೆ. ‘ರಾಜದ್ರೋಹ’ದ ಪಾಡೂ ಇದೇ: ಆಕ್ಸ್‌ಫರ್ಡಿನವರು ವೆಸ್ಟ್‌ಮಿನ್‌ಸ್ಟರಿನವರ ಮೇಲೆ ಆ ಆರೋಪ ಹೊರಿಸಿದಾಗ ಪದ ಸರಿಯಾಗಿಯೇ ಕೂರುತ್ತದೆ, ಆದರೆ 1649ರ ಜನವರಿಯಲ್ಲಿ ದೊರೆಯನ್ನೇ ಕಟಕಟೆಯಲ್ಲಿ ನಿಲ್ಲಿಸಿದಾಗ ‘ದೊರೆಯ ರಾಜದ್ರೋಹ’ ಎಂದು ಬರೆಯಲು ಬರುವುದಿಲ್ಲ. ಅಲ್ಲಿ ‘ದೇಶದ್ರೋಹ’ಕ್ಕೆ ಹೋಗದೆ ವಿಧಿಯಿಲ್ಲ.

ಸಭೆಯ ಹೆಸರಿನ ವಿಚಾರ. ‘ಸಂಸತ್ತು’ ಎಂದೊಡನೆ ದೆಹಲಿ ಕಣ್ಣಿಗೆ ಬರುವುದರಿಂದ ‘ಪಾರ್ಲಿಮೆಂಟು’ ಎಂದೇ ಉಳಿಸಿದ್ದೇನೆ. ಆದರೆ ಆಕ್ಸ್‌ಫರ್ಡಿನಲ್ಲಿ ಕೂಡಿದ್ದು ಪಾರ್ಲಿಮೆಂಟೇ ಎಂಬ ಪ್ರಶ್ನೆಗೆ ಆ ಕಾಲದವರೇ ಜಗಳವಾಡಿದ್ದಾರೆ. 1641ರ ಮೇ ತಿಂಗಳಿನ ಕಾಯಿದೆಯ ಪ್ರಕಾರ, ಪಾರ್ಲಿಮೆಂಟು ತಾನಾಗಿ ಒಪ್ಪದೆ ಅದನ್ನು ವಿಸರ್ಜಿಸುವ ಅಧಿಕಾರ ದೊರೆಗೆ ಇರಲಿಲ್ಲ, ಆದ್ದರಿಂದ ಅವನು ಹೊಸ ಪಾರ್ಲಿಮೆಂಟನ್ನು ಕರೆಯದೆ ಇರುವ ಸದಸ್ಯರನ್ನೇ ಬೇರೆ ಊರಿಗೆ ಕರೆದ. ಸಭೆ ಸೇರಿದ ಐದೇ ದಿನಕ್ಕೆ ಮೇಲ್ಮನೆಯ 40ಕ್ಕೂ ಹೆಚ್ಚು ಪ್ರಭುಗಳೂ ಕೆಳಮನೆಯಾದ ಕಾಮನ್ಸ್ ಸಭೆಯ 100ಕ್ಕೂ ಹೆಚ್ಚು ಸದಸ್ಯರೂ ರುಜು ಹಾಕಿದ ಸಂಧಾನದ ಕಾಗದ ಎಸೆಕ್ಸಿನ ಅರ್ಲನಿಗೆ ಹೋಯಿತು. ಅದರಲ್ಲಿ ಎಲ್ಲಿಯೂ ವೆಸ್ಟ್‌ಮಿನ್‌ಸ್ಟರಿನ ಸಭೆಗಳನ್ನು ಪಾರ್ಲಿಮೆಂಟೆಂದು ಸಂಬೋಧಿಸಿಲ್ಲವಾದ್ದರಿಂದ ತಾನು ಅದನ್ನು ಸಭೆಯ ಮುಂದಿಡಲಾರೆ ಎಂದು ಅವನು ತಳ್ಳಿಹಾಕಿದ. ಮಾರ್ಚಿನಲ್ಲಿ ದೊರೆ ಮನಸ್ಸು ಗಟ್ಟಿ ಮಾಡಿಕೊಂಡು ‘ವೆಸ್ಟ್‌ಮಿನ್‌ಸ್ಟರಿನಲ್ಲಿ ಕೂಡಿರುವ ಪಾರ್ಲಿಮೆಂಟಿನ’ ಪ್ರಭುಗಳಿಗೂ ಕಾಮನ್ಸ್ ಸದಸ್ಯರಿಗೂ ಎಂದು ವಿಳಾಸ ಬರೆದರೆ, ಒಳಗಿನ ಒಕ್ಕಣೆಯಲ್ಲಿ ಆಕ್ಸ್‌ಫರ್ಡಿನವರಿಗೂ ಅದೇ ಪದವಿ ಕೊಟ್ಟಿದ್ದಾನೆ, ಬಿಟ್ಟು ಓಡಿದವರನ್ನು ನಮಗೆ ಸಮನಾಗಿ ಕೂರಿಸಿದ್ದಾನೆ ಎಂದು ವೆಸ್ಟ್‌ಮಿನ್‌ಸ್ಟರಿನವರು ಸಿಡಿದರು. ಒಂದು ಪದದ ಮೇಲೆ ಸಂಧಾನ ಮುರಿದುಬಿದ್ದ ಈ ಪ್ರಕರಣದಲ್ಲಿ ಅನುವಾದಕ ‘ಸಭೆ’, ‘ಅಧಿವೇಶನ’, ‘ಪಾರ್ಲಿಮೆಂಟು’ಗಳನ್ನು ಮನಬಂದಂತೆ ಬದಲಿಸುವ ಹಾಗಿಲ್ಲ, ಯಾರ ಬಾಯಿಯ ಮಾತೋ ನೋಡಿ ಬರೆಯಬೇಕು.

ದೊರೆಯ ಸ್ವಂತ ಬಾಯಿಯ ಮಾತು ಇನ್ನೂ ಸ್ವಾರಸ್ಯವಾಗಿದೆ. 1645ರ ಮಾರ್ಚಿನಲ್ಲಿ ರಾಣಿ ಹೆನ್ರಿಯೆಟ್ಟಾ ಮರಿಯಾಳಿಗೆ ಬರೆದ ಕಾಗದದಲ್ಲಿ ಅವನು ಈ ನಿಷ್ಠರ ಸಭೆಯನ್ನೇ ಜಾತಿಗೆಟ್ಟ ನಾಯಿಗೆ ಹೋಲಿಸಿ ಹಂಗಿಸಿದ್ದಾನೆ. ಜೂನ್ 14ರ ನೇಸ್‌ಬಿ ಯುದ್ಧದಲ್ಲಿ ಅವನ ಕಾಗದಪತ್ರಗಳು ಶತ್ರುಗಳ ಕೈಗೆ ಸಿಕ್ಕಿ ಅಚ್ಚಾದ್ದರಿಂದ ಆ ಮಾತು ಊರಿಗೆಲ್ಲ ತಿಳಿಯಿತು. ಇದಕ್ಕೆ ‘ಮಿಶ್ರತಳಿ’ ಎಂದರೆ ಕೃಷಿ ಇಲಾಖೆಯ ಕರಪತ್ರದ ವಾಸನೆ ಹೊಡೆಯುತ್ತದೆ. ‘ಬೆರಕೆ’ ಆದೀತು. ನನ್ನ ಮತ ‘ಕಂತ್ರಿ ಪಾರ್ಲಿಮೆಂಟು’ ಎಂಬುದಕ್ಕೆ. ಆ ತಾತ್ಸಾರ ಬೇರೆ ಯಾವ ಪದದಲ್ಲಿಯೂ ಬರುವುದಿಲ್ಲ. ಪಠ್ಯಕ್ಕೆ ಇದು ತೀರಾ ಬೀದಿಯ ಮಾತಾಯಿತೆಂದು ಯಾರಿಗಾದರೂ ಅನ್ನಿಸಿದರೆ ಹೇಳಿರಿ.

ಕೊನೆಯದಾಗಿ ದಾಳಿಯ ಪದ. ‘ಅಂತರ್ಯುದ್ಧ’ ನೆಲೆ ನಿಂತ ಪದ, ಅದರಲ್ಲಿ ತಕರಾರಿಲ್ಲ. ಆದರೆ ಸ್ಕಾಟರು ಬಂದದ್ದು ‘ವಿದೇಶೀ ಆಕ್ರಮಣ’ವೇ? 1603ರಿಂದ ಎರಡೂ ನಾಡುಗಳಿಗೆ ದೊರೆ ಒಬ್ಬನೇ, ಪಾರ್ಲಿಮೆಂಟುಗಳು ಮಾತ್ರ ಬೇರೆ, ಒಂದಾದದ್ದು 1707ರಲ್ಲಿ. ಸ್ಕಾಟರು ಚಾರ್ಲ್ಸನಿಗೆ ತನ್ನದೇ ಪ್ರಜೆಗಳು, ಆಕ್ಸ್‌ಫರ್ಡಿನ ಇಂಗ್ಲಿಷ್ ಸದಸ್ಯರಿಗೆ ಪರಕೀಯರು. ‘ಪರರಾಜ್ಯ’ ಎಂಬುದು ಅರ್ಥಕ್ಕೆ ಸರಿಯಾಗಿ ಹೊಂದಿದರೂ ಇಂದಿನ ಓದುಗರಿಗೆ ‘ರಾಜ್ಯ’ ಎಂದರೆ ತಮಿಳುನಾಡೋ ಕೇರಳವೋ ಆಗಿಬಿಡುತ್ತದೆ. ಆಗ ನೆನಪಾದದ್ದು ಈತಿಬಾಧೆಗಳ, ಅಂದರೆ ನಾಡಿಗೂ ಬೆಳೆಗೂ ಒದಗುವ ಕೇಡುಗಳ, ಹಳೆಯ ಪಟ್ಟಿ: ಅತಿವೃಷ್ಟಿ, ಅನಾವೃಷ್ಟಿ, ಇಲಿ, ಮಿಡತೆ, ಗಿಳಿಗಳ ನಂತರ ‘ಸ್ವಚಕ್ರ’, ‘ಪರಚಕ್ರ’. ತನ್ನ ಕಡೆಯ ದಂಡಿನ ಕಾಟ, ಪರರ ದಂಡಿನ ಕಾಟ. ಪರಚಕ್ರ ದೇಶವನ್ನು ಹೇಳದೆ ದಂಡನ್ನು ಮಾತ್ರ ಹೇಳುವುದರಿಂದ ಸ್ಕಾಟರಿಗೆ ಚೆನ್ನಾಗಿ ಒಪ್ಪುತ್ತದೆ, ಅದನ್ನು ಬಳಸುವುದೆಂದು ತೀರ್ಮಾನಿಸಿದ್ದೇನೆ. ಸ್ವಚಕ್ರದ ಬಗ್ಗೆ ಮಾತ್ರ ನಿರ್ಧಾರವಾಗಿಲ್ಲ. ಸ್ವಂತ ಸೈನಿಕರು ಊರು ಸುಲಿಯುವುದಕ್ಕೆ ಅದು ಸಲ್ಲುತ್ತದೆ, ಒಂದೇ ನಾಡಿನ ಎರಡು ಪಕ್ಷಗಳು ಕಾದಾಡುವುದಕ್ಕೂ ಸಲ್ಲುತ್ತದೆಯೇ? ಆ ಎರಡನೆಯ ಅರ್ಥದಲ್ಲಿ ಪದ ಬಂದಿರುವ ಕನ್ನಡ ಪ್ರಯೋಗವನ್ನು ಶಾಸನದಲ್ಲೋ ಕೈಫಿಯತ್ತಿನಲ್ಲೋ (ಊರುಗಳ ಹಳೆಯ ವೃತ್ತಾಂತದ ದಾಖಲೆ) ಹಳಗನ್ನಡ ಕಾವ್ಯದಲ್ಲೋ ಕಂಡವರು ದಯವಿಟ್ಟು ಸಾಲಿನ ಸಮೇತ ತಿಳಿಸಬೇಕೆಂದು ಕೋರುತ್ತೇನೆ.