ಅಪ್‌ಡೇಟ್: ಬ್ರಹ್ಮಪುರದ ಹಳೆ ಮನೆ, ಫರ್ಶಿ ಉಳೀತು

ಕಲಬುರಗಿಯ ಬ್ರಹ್ಮಪುರದಲ್ಲಿ ವರ್ಷಗಟ್ಟಲೆ ಬೀಗ ಬಿದ್ದಿದ್ದ ಮನೆ ತಗೊಂಡಿದ್ದೆ. ಗೋಡೆ ಬುಡದಲ್ಲಿ ಪ್ಲಾಸ್ಟರ್ ಉದುರುತ್ತಿದೆ, ನೆಲಕ್ಕೆ ಹಾಸಿದ ಶಹಾಬಾದ್ ಕಲ್ಲಿನ ಫರ್ಶಿ ಕಿತ್ತು ಟೈಲ್ಸ್ ಹಾಕಿಸಲಾ ಅಂತ ಕೇಳಿದ್ದೆ ಅಲ್ವಾ? ಈಗ ಇಲ್ಲಿಗೆ ಬಂದಿದೆ ನೋಡಿ.

ಫರ್ಶಿ ಕೀಳಲಿಲ್ಲ. ಕೆಲವರು ಆಸಿಡ್ ಹಾಕಿ ತೊಳೀರಿ ಅಂದಿದ್ದರು. ಶಹಾಬಾದ್ ಕಲ್ಲು ಅಂದರೆ ಸುಣ್ಣದ ಕಲ್ಲೇ, ಆಸಿಡ್ ಅದರ ಮೈ ತಿನ್ನುತ್ತದೆ. ಒಡೆದ ತುಂಡೊಂದರ ಮೇಲೆ ಸುಮ್ನೆ ನಿಂಬೆಹಣ್ಣು ಹಿಂಡಿ ನೋಡಿದೆ. ಸಣ್ಣಗೆ ಗುಳ್ಳೆ ಎದ್ದವು, ಒರೆಸಿದರೆ ಅಷ್ಟು ಜಾಗ ಮಾತ್ರ ಮಂಕಾಗಿತ್ತು. ಸಾಬೂನು ನೀರು, ನಾರಿನ ಬ್ರಷ್ಷೇ ಸಾಕಾಯಿತು.

ಗೋಡೆಗೆ ಕಾಟ ಕೊಟ್ಟಿದ್ದು ಹಿಂದಿನವರು ಬಳಿಸಿದ್ದ ಸಿಮೆಂಟ್. ತೇವಕ್ಕೆ ಹೊರಗೆ ಬರಲು ದಾರಿಯೇ ಇಲ್ಲ, ಅಂಚಿನಲ್ಲಿ ಉಪ್ಪು ಬಿಳಿ ಪುಡಿಯಾಗಿ ಉದುರುತ್ತಿತ್ತು. ಕೆತ್ತಿಸಿ ಏಪ್ರಿಲ್ ಪೂರ್ತಿ ಒಣಗಲು ಬಿಟ್ಟೆವು. ನಮ್ಮೂರ ಬಿಸಿಲು ಇದಕ್ಕಾದರೂ ಉಪಯೋಗಕ್ಕೆ ಬಂತು! ಆಮೇಲೆ ಸುಣ್ಣದ ಗಾರೆ. "ಗಡಿಬಿಡಿಯಲ್ಲಿ ಒಣಗಿದರೆ ಸೀಳ್ತದ" ಅಂತ ಗೌಂಡಿ ಕಾಕಾ ಅದರ ಮುಂದೆ ಒದ್ದೆ ಗೋಣಿಚೀಲ ತೂಗುಹಾಕಿಸಿದರು. ಖರ್ಚು ಸಿಮೆಂಟಿಗಿಂತ ಜಾಸ್ತಿಯೇ ಆಯಿತು.

ವೈರಿಂಗ್ ಎಲ್ಲ ಹೊಸದು. ಮಾಳಿಗೆ ಅಂಚಿನ ಅರಳಿ ಸಸಿಯನ್ನು ಬೇರು ಸಮೇತ ಕಿತ್ತಾಗಿದೆ. ಆ ಸಂದಿಗೆ ಮಳೆಗಾಲದೊಳಗೆ ಗಾರೆ ತುಂಬಿಸಬೇಕು.